ಕಾರವಾರದ ಮಳೆಗಾಲಕ್ಕೆ ಡಿಹ್ಯುಮಿಡಿಫೈಯರ್: ಒಂದು ರೂಮಿಗಂತೂ ಬೇಕು

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಹೊರಗಿನ ಮಳೆಗೆ ಛತ್ರಿ ಇದೆ, ರೇನ್‌ಕೋಟ್ ಇದೆ. ಕಷ್ಟ ಕೊಡುವುದು ಮನೆಯೊಳಗಿನ ತೇವ. ಗೋಡೆಗೆ ತಾಗಿದ ಕಪಾಟಿನ ಹಿಂದೆ ಬೂಷ್ಟು, ಬೆಲ್ಟಿಗೆ ಬೂಷ್ಟು, ರೇಷ್ಮೆ ಸೀರೆಯ ಮಡಿಕೆಯಲ್ಲಿ ಬಿಳಿ ಚುಕ್ಕೆ. ಮಕ್ಕಳ ಯೂನಿಫಾರ್ಮ್ ಎರಡು ದಿನ ಹಗ್ಗದ ಮೇಲಿದ್ದರೂ ಒಣಗುವುದಿಲ್ಲ, ಮೇಲಿಂದ ಮುಗ್ಗಲು ವಾಸನೆ. ಅದಕ್ಕೇ ರೂಮಿನ ಗಾಳಿಯಿಂದ ತೇವ ತೆಗೆಯುವ ಈ ಡಿಹ್ಯುಮಿಡಿಫೈಯರ್ ಮಷಿನ್ ತಂದೆವು. ಒಂದು ಇಡೀ ಮಳೆಗಾಲ ಓಡಿಸಿದ ಮೇಲೆ ಬರೆಯುತ್ತಿದ್ದೇನೆ.

ನಮ್ಮದು 12 ಲೀಟರಿನದು. ಟ್ಯಾಂಕ್ ಅಷ್ಟು ದೊಡ್ಡದು ಅಂತಲ್ಲ, ದಿನವಿಡೀ ಓಡಿದರೆ ಗಾಳಿಯಿಂದ ಅಷ್ಟು ನೀರು ತೆಗೆಯುತ್ತದೆ ಅಂತ ಲೆಕ್ಕ. ಕಂಪನಿಗಳು ಈ ಲೆಕ್ಕ ಹಾಕುವುದು ಸಾಮಾನ್ಯವಾಗಿ 30 ಡಿಗ್ರಿ ಸೆಖೆ, ಶೇ 80 ತೇವಾಂಶದಲ್ಲಿ. ನಮ್ಮ ಜುಲೈ ಅದಕ್ಕೆ ಹೆಚ್ಚುಕಮ್ಮಿ ಹತ್ತಿರವೇ ಇರುವುದರಿಂದ ಟ್ಯಾಂಕ್ ನಿಜಕ್ಕೂ ಬೇಗ ತುಂಬುತ್ತದೆ. ಕೆಲಸ ಮಾಡುವುದು ಫ್ರಿಜ್ಜಿನ ಥರವೇ. ಒಳಗಿನ ಕಾಯಿಲ್ ತಣ್ಣಗಾಗುತ್ತದೆ, ಫ್ಯಾನ್ ಎಳೆದ ಗಾಳಿ ಅದಕ್ಕೆ ತಾಗಿದಾಗ ಅದರಲ್ಲಿದ್ದ ತೇವ ನೀರಾಗಿ ಕೆಳಗಿಳಿಯುತ್ತದೆ, ಒಣ ಗಾಳಿ ಸ್ವಲ್ಪ ಬಿಸಿಯಾಗಿ ಹೊರಬರುತ್ತದೆ. ರೂಮು ತಂಪಾಗುತ್ತದೆ ಅಂತ ಯಾರೂ ತರಬೇಡಿ, ಇದು ಎಸಿ ಅಲ್ಲ.

ಮುಖ್ಯವಾದ ಮಾತು ಇದು: ಕಿಟಕಿ, ಬಾಗಿಲು ಎರಡೂ ಮುಚ್ಚಲೇಬೇಕು. ಗಾಳಿಯಾಡಲಿ ಅಂತ ಕಿಟಕಿ ತೆರೆದಿಡುವುದು ನಮಗೆಲ್ಲ ರೂಢಿ. ಆದರೆ ಮಳೆಗಾಲದಲ್ಲಿ ಒಳಗೆ ಬರುವ ಸಮುದ್ರದ ಗಾಳಿಯೇ ಒದ್ದೆ, ಹಾಗೆ ಬಿಟ್ಟರೆ ಮಷಿನ್ ಸುಮ್ನೆ ಓಡುತ್ತಲೇ ಇರುತ್ತದೆ. ಇಡೀ ಮನೆಗೆ ಇದು ಸಾಲದು. ಕಪಾಟು ಇರುವ ಬೆಡ್‌ರೂಮಿಗೆ ಮಾತ್ರ ಇಟ್ಟು, ಅಲ್ಲೇ ಹಗ್ಗ ಕಟ್ಟಿ ಬಟ್ಟೆ ಹಾಕಿ, ರಾತ್ರಿ ಬಾಗಿಲು ಹಾಕಿಬಿಡುತ್ತೇವೆ. ಸಂಜೆ ಶೇ 90 ತೇವಾಂಶ ತೋರಿಸುವ ಮೀಟರು ಬೆಳಿಗ್ಗೆ 60ರ ಹತ್ತಿರ ಇರುತ್ತದೆ. ಜೀನ್ಸ್‌ನ ಸೊಂಟದ ದಪ್ಪ ಪಟ್ಟಿ ಇರುತ್ತದಲ್ಲ, ಜೇಬಿನ ಮೂಲೆ, ಅದೂ ಒಣಗಿರುತ್ತದೆ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದರೆ ಬರುವ ಹೊಗೆ ವಾಸನೆಯೂ ಇಲ್ಲ. ತೇವಾಂಶ 60ರ ಆಸುಪಾಸಿಗೆ ಇಳಿದರೆ ಬೂಷ್ಟು ಬೆಳೆಯುವುದು ಕಷ್ಟ. ಈ ಸಲ ಸೀರೆಗಳು ಉಳಿದವು, ನಮ್ಮ ಅತ್ತೆಗೆ ಅದೇ ದೊಡ್ಡ ಖುಷಿ.

ಕರೆಂಟ್ ಖರ್ಚಿಗೆ ಹೆದರಬೇಕಾಗಿಲ್ಲ. ಈ ಸೈಜಿನವು 200 ವ್ಯಾಟ್ ಆಸುಪಾಸು ಎಳೆಯುತ್ತವೆ, ಹತ್ತು ತಾಸಿಗೆ ಎರಡು ಯೂನಿಟ್. ಸದ್ದು ಮಾತ್ರ ಇದೆ, ಹಗುರ ನಿದ್ದೆಯವರು ಅದೇ ರೂಮಿನಲ್ಲಿ ಮಲಗುವುದು ಕಷ್ಟ. ಟ್ಯಾಂಕ್ ತುಂಬಿದರೆ ತಾನೇ ನಿಲ್ಲುತ್ತದೆ. ಪೈಪ್ ಹಾಕಿ ಬಚ್ಚಲಿಗೆ ಬಿಟ್ಟರೆ ಆ ತಲೆನೋವೂ ಇಲ್ಲ. ಆ ನೀರು ನೆಲ ಒರೆಸಲು ಸಾಕು, ಕುಡಿಯಲು ಖಂಡಿತ ಬೇಡ. ಕಪಾಟಿನಲ್ಲಿ ತೂಗುಹಾಕುವ, ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಪ್ಯಾಕೆಟ್ ಅಗ್ಗ, ಆದರೆ ಅದು ಕಪಾಟಿಗಷ್ಟೇ, ಜುಲೈಯಲ್ಲಿ ಬೇಗ ನೀರಾಗಿ ಮುಗಿಯುತ್ತದೆ.

ನನಗೆ ನಿಜಕ್ಕೂ ಬೇಸರವಾಗಿದ್ದು ಸರ್ವಿಸ್ ವಿಷಯದಲ್ಲಿ. ಆಗಸ್ಟ್‌ನಲ್ಲಿ ಫ್ಯಾನ್ ಕಿರಗುಟ್ಟತೊಡಗಿತು. ಕಂಪನಿಗೆ ಫೋನ್ ಮಾಡಿದರೆ ಹುಬ್ಬಳ್ಳಿಗೆ ತನ್ನಿ ಅಂದರು. ಆ ಮಳೆಯಲ್ಲಿ ಘಟ್ಟ ಹತ್ತಿ ಇದನ್ನು ಹೊತ್ತುಕೊಂಡು ಹೋಗುವುದು ಹೇಗೆ? ಮಳೆ ಜಾಸ್ತಿ ಬೀಳುವ ಕರಾವಳಿಗೇ ಮಾರುವವರು ಇಲ್ಲಿಗೊಬ್ಬ ಮೆಕ್ಯಾನಿಕ್ ಇಡಬೇಕಲ್ವಾ? ಹಾಗಾಗಿ ಕೊಳ್ಳುವ ಮೊದಲೇ ಮನೆಗೆ ಬಂದು ರಿಪೇರಿ ಮಾಡುತ್ತಾರಾ ಅಂತ ಕೇಳಿಕೊಳ್ಳಿ. ಕಾರವಾರ, ಅಂಕೋಲಾ ಕಡೆ ಇದನ್ನು ಬಿಚ್ಚಿ ನೋಡುವ ಫ್ರಿಜ್ ಮೆಕ್ಯಾನಿಕ್ ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.