ರಜೆಯ ಕೊನೆ ದಿನ: ಗೋಕರ್ಣವೋ, ದೇವಬಾಗವೋ, ಸಾಣಾಪುರವೋ?

ಕೊಪ್ಪಳದಿಂದ ಕಡಲಿಗೆ ಹೋದವರ ರಜೆ ಕೊನೆ ದಿನ ಹಾಳಾಗುತ್ತದೆ. ಮನೆಗೆ ಆರೇಳು ತಾಸಿನ ದಾರಿ. ಬೆಳಿಗ್ಗೆ ಎದ್ದ ಕೂಡಲೇ ಬ್ಯಾಗು ಕಟ್ಟುವ ಗಡಿಬಿಡಿ. ಆ ಒಂದು ದಿನವನ್ನು ಮೂರು ವರ್ಷ ಮೂರು ಥರ ಕಳೆದು ನೋಡಿದೆವು. ನಾವಿಬ್ಬರು, ಇಬ್ಬರು ಮಕ್ಕಳು, ಜೊತೆಗೆ ಅವ್ವ.

ಮೊದಲ ವರ್ಷ ಗೋಕರ್ಣ. ಕುಡ್ಲೆ ಬೀಚಿನ ಮೇಲಿನ ಗುಡ್ಡದಲ್ಲಿ ಕಾಟೇಜು. ಹತ್ತು ಗಂಟೆಗೆ ರೂಮು ಬಿಡಿ ಅಂದರು, ನಮ್ಮ ಬಸ್ಸು ರಾತ್ರಿಗೆ. ಮಹಾಬಲೇಶ್ವರನ ದರ್ಶನ ಆಯಿತು, ಓಂ ಬೀಚು ಆಯಿತು. ಮಕ್ಕಳಿಗೆ ಓಂ ಬೀಚು ತುಂಬಾ ಇಷ್ಟ. ಆದರೆ ನೀರಿಗಿಳಿದು ಬಂದ ಮೇಲೆ ಸ್ನಾನಕ್ಕೆ ಜಾಗವಿಲ್ಲ. ಮೆಟ್ಟಿಲು ಹತ್ತಿಳಿದು ಅವ್ವನ ಮೊಣಕಾಲು ನೋವು ಜಾಸ್ತಿ ಆಯಿತು. ನಮ್ಮೂರ ಬಿಸಿಲಿಗೆ ಅರ್ಧ ತಾಸಿನಲ್ಲಿ ಒಣಗುವ ಬಟ್ಟೆ ಕಡಲ ಗಾಳಿಗೆ ಇಡೀ ದಿನ ಒಣಗುವುದಿಲ್ಲ. ಹಸಿಯಾಗಿಯೇ ಕವರಿಗೆ ತುಂಬಿ ತಂದೆವು. ಗೋಕರ್ಣ ಮೊದಲ ಎರಡು ದಿನಕ್ಕೆ ಬಹಳ ಚೆಂದ. ಕೊನೆ ದಿನಕ್ಕೆ ಅಲ್ಲ.

ಎರಡನೇ ವರ್ಷ ಕಾರವಾರದ ದೇವಬಾಗ, ಕಾಳಿ ನದಿ ಕಡಲು ಸೇರುವ ಕಡೆ. ಗಾಳಿಮರಗಳ ನಡುವೆ ಒಂದು ಲಾಡ್ಜು. ಸಂಜೆ ಹೊರಟರೆ ಅರಬೈಲ್ ಘಟ್ಟವನ್ನು ಕತ್ತಲಲ್ಲಿ ಹತ್ತಬೇಕು. ಹಾಗಾಗಿ ಒಂದು ರಾತ್ರಿಯ ಬಾಡಿಗೆ ಜಾಸ್ತಿ ಕೊಟ್ಟು ಅಲ್ಲೇ ಉಳಿದೆವು. ಮರುದಿನ ಬೆಳಗಿನ ಐದಕ್ಕೆ ಹೊರಟರಾಯಿತು ಅಂತ. ಆ ದುಡ್ಡಿಗೆ ಇಡೀ ದಿನ ನಮ್ಮದಾಯಿತು.

ಅವತ್ತು ಎಲ್ಲಿಗೂ ಹೋಗಲಿಲ್ಲ. ಬೆಳಿಗ್ಗೆ ನೀರು ಇಳಿದಿತ್ತು. ಒದ್ದೆ ಮರಳಿನ ತುಂಬಾ ಸಾಸಿವೆ, ಕಡಲೆ ಗಾತ್ರದ ಮರಳಿನ ಉಂಡೆಗಳು, ರಂಗೋಲಿ ಚುಕ್ಕಿ ಇಟ್ಟ ಹಾಗೆ. ಪುಟ್ಟ ಏಡಿಗಳ ಕೆಲಸ ಅದು. ಮರಳನ್ನು ಬಾಯಿಗೆ ಹಾಕಿ, ಅದಕ್ಕೆ ಅಂಟಿದ ಆಹಾರ ತಿಂದು, ಉಳಿದದ್ದನ್ನು ಉಂಡೆ ಮಾಡಿ ಬಿಡುತ್ತವೆ. ಮಕ್ಕಳು ಎರಡು ತಾಸು ಅಲ್ಲಿಂದ ಏಳಲಿಲ್ಲ. ಆಮೇಲೆ ಉಬ್ಬರ ಬಂದು ಎಲ್ಲ ಅಳಿಸಿತು. ಕಡಲು ದಿನಕ್ಕೆ ಎರಡು ಸಲ ಇಳಿಯುತ್ತದೆ, ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಿಂದಿನ ಸಂಜೆಯೇ ಲಾಡ್ಜಿನವರನ್ನು ಕೇಳಿಟ್ಟುಕೊಳ್ಳಿ.

ಮಧ್ಯಾಹ್ನ ಬಂಗುಡೆ ಸಾರು, ಅನ್ನ. ಅವ್ವ ಮೀನು ಮುಟ್ಟುವುದಿಲ್ಲ. ಮನೆಯಿಂದ ತಂದ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಖಾಲಿಯಾಗಿದ್ದೂ ಅವತ್ತೇ. ಉಂಡು ಗಾಳಿಮರದ ಕೆಳಗೆ ಮಲಗಿದಳು. ಉದುರಿದ ಎಲೆ ಹಾಸಿಗೆಯ ಹಾಗೆ ಮೆತ್ತಗಿತ್ತು. ಮೇಲೆ ಗಾಳಿ ಸುಯ್ ಅನ್ನುತ್ತಿತ್ತು. ಅಪ್ಪ ಹೋದ ಮೇಲೆ ಅವ್ವ ಹಗಲು ಹೊತ್ತು ಅಷ್ಟು ನಿದ್ದೆ ಮಾಡಿದ್ದು ನಾನು ನೋಡಿರಲಿಲ್ಲ. ಎಬ್ಬಿಸಲು ಮನಸ್ಸು ಬರಲಿಲ್ಲ. ಸೂರ್ಯ ಕಡಲಿಗೆ ಇಳಿಯುವಾಗ ತಾನೇ ಎದ್ದು ಕೂತಳು.

ಮೂರನೇ ವರ್ಷ ಒಂದು ದಿನ ಮೊದಲೇ ಊರಿಗೆ ಬಂದು, ಕೊನೆ ದಿನ ಸಾಣಾಪುರ ಕೆರೆಗೆ ಹೋದೆವು. ಖರ್ಚು ತೀರಾ ಕಡಿಮೆ. ದಾರಿಯುದ್ದಕ್ಕೂ ಗಂಗಾವತಿ ಕಡೆಯ ಭತ್ತದ ಹಸಿರು, ಸುತ್ತ ದೊಡ್ಡ ದೊಡ್ಡ ಬಂಡೆ, ಹರಿಗೋಲಿನಲ್ಲಿ ಒಂದು ಸುತ್ತು. ನೋಡಲು ದೇವಬಾಗಕ್ಕಿಂತ ಏನೂ ಕಮ್ಮಿ ಇಲ್ಲ. ಬಂಡೆಯಿಂದ ನೀರಿಗೆ ಮಾತ್ರ ಹಾರಬೇಡಿ, ಅಲ್ಲಿ ಜೀವ ಹೋಗಿದ್ದೂ ಇದೆ. ಆದರೆ ಹನ್ನೊಂದಕ್ಕೆಲ್ಲ ಬಂಡೆ ಕಾದವು, ಫೋನು ಶುರುವಾಯಿತು. ಊರಿಗೆ ಬಂದಿದ್ದೀರಿ ಅಲ್ವಾ, ಸುಮ್ನೆ ಒಂದು ಗಳಿಗೆ ಬಂದು ಹೋಗಿ ಅಂತ. ಮೂರಕ್ಕೆ ಮನೆಯಲ್ಲಿದ್ದೆವು. ಒಂದು ಭಾನುವಾರಕ್ಕೆ ಸಾಣಾಪುರ ಸಾಕಷ್ಟಾಯಿತು, ರಜೆ ಮುಗಿಸಲು ಅದು ಮನೆಗೆ ತೀರಾ ಹತ್ತಿರ.

ಹಾಗಾಗಿ ನನ್ನ ಮತ ದೇವಬಾಗಕ್ಕೆ. ಖರ್ಚು ಎಲ್ಲಕ್ಕಿಂತ ಜಾಸ್ತಿ, ಹೌದು. ಕೈ ಬಿಗಿ ಇದ್ದರೆ ರಜೆಯಲ್ಲಿ ಒಂದು ದಿನ ಕಡಿಮೆ ಮಾಡಿ, ಕೊನೆಯ ರಾತ್ರಿ ಬಿಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗಬೇಡಿ, ಮಳೆಗಾಲದ ಕಡಲು ಒರಟು. ನಾವು ಜನವರಿಯಲ್ಲಿ ಮತ್ತೆ ಹೊರಟಿದ್ದೇವೆ. ಅವ್ವ ಈಗಲೇ ಎರಡು ಸಲ ಕೇಳಿದ್ದಾಳೆ, ಆ ಮರದ ಕೆಳಗೇ ಇಳಿದುಕೊಳ್ಳುತ್ತೇವೆ ಅಲ್ವಾ ಅಂತ.