ಘಾಟ್‌ಕೋಪರ್‌ನ ನಮ್ಮ ಗಲ್ಲಿ ಲ್ಯಾಬ್: ಐದರಲ್ಲಿ ನಾಲ್ಕು ಸ್ಟಾರ್

ಮೊದಲು ಬೈದು ಮುಗಿಸುತ್ತೇನೆ. ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು, ಕೂರಲು ನಾಲ್ಕೇ ಕುರ್ಚಿ, ಮಳೆಗಾಲದಲ್ಲಂತೂ ಒಳಗೆಲ್ಲ ಒದ್ದೆ ಛತ್ರಿ ವಾಸನೆ. ಆದರೂ ನಾಲ್ಕು ಸ್ಟಾರ್. ಕಾರಣ ನಮ್ಮ ಭಾವ.

ಜುಲೈಯಲ್ಲಿ ಅವರಿಗೆ ಜ್ವರ ಬಂತು. ಹೋಟೆಲ್ ಗಲ್ಲಾದಲ್ಲಿ ಕೂರುವವರು, ರಜೆ ಹಾಕುವ ಜಾತಿಯಲ್ಲ. ಮೂರು ದಿನ ಮಾತ್ರೆ ನುಂಗಿಕೊಂಡೇ ಕೂತರು. ಆಮೇಲೆ ಆ್ಯಪ್‌ನಲ್ಲಿ ಬುಕ್ ಮಾಡಿ ದೊಡ್ಡ ಲ್ಯಾಬೊಂದರಿಂದ ಜ್ವರದ ಪ್ಯಾಕೇಜ್ ಮಾಡಿಸಿದೆವು. ರಿಪೋರ್ಟ್ ಬಂದಿದ್ದು ಮರುದಿನ ಸಂಜೆ. ಡೆಂಗಿ ನೆಗೆಟಿವ್, ಪ್ಲೇಟ್‌ಲೆಟ್ ಕಮ್ಮಿ. ಮಲೇರಿಯಾ ಪರೀಕ್ಷೆ ಆ ಪ್ಯಾಕೇಜಿನಲ್ಲಿ ಇರಲೇ ಇಲ್ಲ. ಮುಂಬೈಯಲ್ಲಿ, ಮಳೆಗಾಲದಲ್ಲಿ!

ಆಗ ಅಕ್ಕ ಇಲ್ಲಿಗೆ ಎಳೆದುಕೊಂಡು ಬಂದಳು. ರಕ್ತ ತೆಗೆಯುವವರು ಧಾರವಾಡ ಕಡೆಯವರು. ಟ್ಯೂಬಿಗೆ ಹೆಸರು ಬರೆಯುತ್ತಾ ಸುಮ್ನೆ ಕೇಳಿದರು, "ಅಣ್ಣಾರ, ಮೂತ್ರದ ಬಣ್ಣ ಹೆಂಗೈತ್ರಿ?" ಭಾವ ನಾಚಿಕೊಂಡು, ಕರಿ ಚಹಾ ಥರ, ಅದೂ ಬೆಳಗಿಂದ ಒಂದೇ ಸಲ ಅಂದರು. ಅಕ್ಕನಿಗೂ ಹೇಳಿರಲಿಲ್ಲ ಪುಣ್ಯಾತ್ಮ. ಒಳಗಿದ್ದ ಡಾಕ್ಟರ್ ಮೇಡಂ ಎದ್ದು ಬಂದು, ಸ್ಮಿಯರ್ (ಗಾಜಿನ ಮೇಲೆ ರಕ್ತ ಸವರಿ ಮಲೇರಿಯಾ ಹುಡುಕುವುದು) ಜೊತೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ಹೇಳುವ ರಕ್ತಪರೀಕ್ಷೆ) ಕೂಡ ನೋಡಿಬಿಡೋಣ ಅಂದರು. ಅಲ್ಲೇ ಕೂತಿದ್ದೆವು, ಒಂದೂವರೆ ಗಂಟೆಯಲ್ಲಿ ಕರೆದರು. ಫಾಲ್ಸಿಪಾರಂ, ಅಂದರೆ ಜೀವಕ್ಕೇ ಕುತ್ತು ತರಬಲ್ಲ ಜಾತಿಯ ಮಲೇರಿಯಾ. ಕ್ರಿಯಾಟಿನಿನ್ 3.8, ಸಾಮಾನ್ಯವಾಗಿ 1.3ರ ಒಳಗೆ ಇರಬೇಕಾದದ್ದು. ಈಗಲೇ ಆಸ್ಪತ್ರೆಗೆ ಹೊರಡಿ, ನಾಳೆ ಅನ್ನಬೇಡಿ ಅಂದರು.

ಮಲೇರಿಯಾಗೂ ಕಿಡ್ನಿಗೂ ಏನು ಸಂಬಂಧ ಅಂತ ನನಗೆ ಅರ್ಥವಾಗಲಿಲ್ಲ. ಮುಂದಿನ ವಾರ ಬಿಲ್ ತರಲು ಹೋದಾಗ ಮೇಡಂ ಮೈಕ್ರೋಸ್ಕೋಪಿನಲ್ಲಿ ಸ್ಲೈಡ್ ತೋರಿಸಿದರು. ಕೆಂಪು ಕಣದೊಳಗೆ ಉಂಗುರದಂಥ ಸಣ್ಣ ಗುರುತು. ಈ ಪರಾವಲಂಬಿ ಬೆಳೆಯುತ್ತಾ ಹೋದಂತೆ ಕಣ ಅಂಟಂಟಾಗಿ ಕಿಡ್ನಿಯ ಕೂದಲೆಳೆಯಂಥ ರಕ್ತನಾಳಗಳಿಗೆ ಕಚ್ಚಿಕೊಳ್ಳುತ್ತದಂತೆ, ರಕ್ತ ಹರಿಯಲು ದಾರಿಯೇ ಸಾಲದು. ಒಡೆದ ಕಣಗಳ ಹಿಮೋಗ್ಲೋಬಿನ್ ಬೇರೆ ಕಿಡ್ನಿಯ ನಳಿಕೆಗಳಲ್ಲಿ ಕಟ್ಟಿಕೊಂಡು ಅವನ್ನು ಕೆಡಿಸುತ್ತದೆ, ಮೂತ್ರ ಕಪ್ಪಾಗುವುದೂ ಅದರಿಂದಲೇ. ಅದರ ಮೇಲೆ ವಾಂತಿ, ಬೆವರು, ನೀರು ಕುಡಿಯದೇ ಇರುವುದು. ಮಲೇರಿಯಾದ ಇನ್ನೊಂದು ಜಾತಿ ವೈವಾಕ್ಸ್ ಸಾಧು ಅಂದುಕೊಳ್ಳಬೇಡಿ, ಅದೂ ಒಮ್ಮೊಮ್ಮೆ ಕಿಡ್ನಿಗೆ ಕೈ ಹಾಕುತ್ತದೆ ಅಂದರು. ಊರಲ್ಲಿ ನಮ್ಮ ಅಜ್ಜನಿಗೆ ಆನೆಕಾಲು ಇತ್ತು, ಹಾಲಿನಂಥ ಮೂತ್ರ ಹೋಗುತ್ತಿತ್ತು ಅಂದೆ. ಅದೂ ಪರಾವಲಂಬಿ ಕೆಲಸವೇ, ಫೈಲೇರಿಯಾ ಹುಳು ಕೊಬ್ಬಿನ ರಸ ಹರಿಯುವ ದುಗ್ಧನಾಳ ಕೆಡಿಸಿದಾಗ ಆ ರಸ ಮೂತ್ರಕ್ಕೆ ಸೋರುತ್ತದಂತೆ. ಇಷ್ಟೆಲ್ಲ ಹೇಳಿದ್ದಕ್ಕೆ ಫೀಸ್ ಇಲ್ಲ!

ಭಾವನಿಗೆ ಆಸ್ಪತ್ರೆಯಲ್ಲಿ ಮಲೇರಿಯಾದ ಆರ್ಟಿಸುನೇಟ್ ಇಂಜೆಕ್ಷನ್, ಎರಡು ಸಲ ಡಯಾಲಿಸಿಸ್ ಆಯಿತು. ಕಿಡ್ನಿ ಸರಿಹೋಯಿತು. ಆ ಇಂಜೆಕ್ಷನ್ ಆದಮೇಲೂ ಕೆಲವರಿಗೆ ವಾರಗಳ ನಂತರ ರಕ್ತ ಕಮ್ಮಿಯಾಗುತ್ತದೆ ಅಂತ ನಾಲ್ಕು ವಾರ ಈ ಲ್ಯಾಬಿನವರೇ ಫೋನ್ ಮಾಡಿ ಕರೆಸಿ ನೋಡಿದರು.

ಆ ಒಂದು ಸ್ಟಾರ್? ರಿಪೋರ್ಟಿನಲ್ಲಿ ಶೆಟ್ಟಿ ಹೋಗಿ ಶೇಟ್ಯೆ ಆಗಿತ್ತು. ಇನ್ಶೂರೆನ್ಸ್‌ನವರು ಭಾವನೇ ಭಾವ ಅಂತ ಒಪ್ಪಲು ಮೂರು ವಾರ ತೆಗೆದುಕೊಂಡರು.