ಕಾದಂಬರಿಯೋ, ಕತೆಗಳೋ?

ಒಂದೇ ಪುಸ್ತಕಕ್ಕೆ ದುಡ್ಡಿದೆ, ಯಾವುದು ತಗೊಳ್ಳಲಿ ಅಂತ ಕೇಳುವವರು ಜಾಸ್ತಿ. ಈಚಿನ ಎರಡನ್ನು ಪಕ್ಕಪಕ್ಕ ಇಡುತ್ತೇನೆ.

ವಿವೇಕ ಶಾನಭಾಗರ ‘ಸಕೀನಾಳ ಮುತ್ತು’ (2021) ಪುಟ್ಟ ಕಾದಂಬರಿ. ಬೆಂಗಳೂರಿನ ಮಧ್ಯಮವರ್ಗದ ಮನೆ, ಮಗಳನ್ನು ಹುಡುಕಿಕೊಂಡು ಬಾಗಿಲಿಗೆ ಬರುವ ಹುಡುಗರು, ಅಪ್ಪನಿಗೆ ಶುರುವಾಗುವ ತಳಮಳ. ಕತೆ ಹೇಳುವವನು ಆ ಅಪ್ಪನೇ. ಸಭ್ಯಸ್ಥ ಅಂತ ನಂಬಿ ಹಿಂದೆ ಹೋಗುತ್ತೀರಿ. ಆಮೇಲೆ, ಇವನು ಏನೋ ಮುಚ್ಚಿಡುತ್ತಿದ್ದಾನೆ ಅಲ್ವಾ ಅನ್ನಿಸುತ್ತದೆ. ನಮ್ಮ ಮನೆಯ ಗಂಡಸರೂ ಹೀಗೇ ಮಾತಾಡುತ್ತಾರಲ್ಲ ಅಂತಲೂ! ಎಲ್ಲ ಗಂಟೂ ಕೊನೆಗೆ ಬಿಚ್ಚಿಕೊಳ್ಳಬೇಕು ಅನ್ನುವವರಿಗೆ ಮಾತ್ರ ಇದು ಬೇಡ.

ಬಾನು ಮುಷ್ತಾಕರ ಕತೆಗಳಲ್ಲಿ ಮುಚ್ಚುಮರೆ ಕಡಿಮೆ. ಸಿಟ್ಟು, ನೋವು, ನಗು ನೇರವಾಗಿ ಬಂದು ತಾಗುತ್ತವೆ. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಅದರಲ್ಲಿ 12 ಕತೆಗಳಿವೆ, ದಿನಕ್ಕೊಂದು ಸಾಕು. ಕನ್ನಡ ಓದಲು ಬರುವವರು ಮೂಲವನ್ನೇ ಹಿಡಿಯಿರಿ. ಆ ಮಾತಿನ ಸೊಗಡು ಅಲ್ಲೇ ಇರುವುದು. ವಿದೇಶದಲ್ಲಿ ಬೆಳೆದ ಮಕ್ಕಳಿಗೆ ಕೊಡಲು ಇಂಗ್ಲಿಷಿನದು.

ನನ್ನನ್ನು ಕೇಳಿದರೆ, ರೈಲು ಪ್ರಯಾಣಕ್ಕೆ ಶಾನಭಾಗ. ಬಾನು ಅವರದು ಮನೆಯಲ್ಲೇ ಇರಲಿ.